ಪೆನ್ಸಿಲಿನ ನರೆ

ನಾಸಿಕ
17 ಜೂನ್ 1973

ಸಣ್ಣಣ್ಣನಿಗೆ,

ಇವತ್ತು ಬೆಳಿಗ್ಗೆ ನಿನ್ನ ಹೆಸರು ನಮ್ಮ ಹೋಟೆಲಿನಲ್ಲಿ ಗಟ್ಟಿಯಾಗಿ ಕೇಳಿಸಿತು. ಓಝರಿನ ವಿಮಾನ ಕಾರ್ಖಾನೆಯ ಮನ್ಮಥಪ್ಪನವರು ಭಾನುವಾರ ತಪ್ಪದೆ ದೋಸೆಗೆ ಬರುತ್ತಾರೆ, ಗದಗದ ಕಡೆಯವರು. ಮರಾಠಿ ಪೇಪರು ಹಿಡಿದುಕೊಂಡು ಬಾಗಿಲಿನಿಂದಲೇ ಕೂಗಿದರು: "ಹರಿದಾಸಣ್ಣಾ, ನಿಮ್ಮ ತಮ್ಮಗ ಮುಂಬೈದಾಗ ಬಹುಮಾನ ಬಂದೈತ್ರೀ! ಸುಮ್ಮನ ಏನ್ ಕುಂತೀರಿ, ಎಲ್ಲಾರಿಗೂ ಶಿರಾ ಕೊಡ್ರೀ!"

ದೊಡ್ಡಣ್ಣ ನಿಜವಾಗಿಯೂ ಶಿರಾ ಕೊಟ್ಟ. ಮನ್ಮಥಪ್ಪನವರು ಓದಿ ಕನ್ನಡದಲ್ಲಿ ಹೇಳಿದರು. ಔರಂಗಾಬಾದಿನ ಕಾಲೇಜಿನಲ್ಲಿ ಫೋಟೋಗ್ರಫಿ ಕಲಿಸುವ ದೇವದಾಸ ಎನ್ನುವವರು, ಪೈಠಣದ ಅಣೆಕಟ್ಟಿನಲ್ಲಿ ಮುಳುಗಲಿರುವ ಹಳ್ಳಿಗಳ ಚಿತ್ರ ತೆಗೆದಿದ್ದಾರೆ ಎಂದಿತ್ತು. ನೀನು ಹೇಳಿದ ಮಾತೂ ಇತ್ತು: "ನಾನು ನೆಗೆಟಿವ್‌ಗೆ ಪೆನ್ಸಿಲ್ ಮುಟ್ಟಿಸುವುದಿಲ್ಲ, ಚಾಕು ಮುಟ್ಟಿಸುವುದಿಲ್ಲ. ಮುಖ ಹೇಗಿದೆಯೋ ಹಾಗೆ."

ದೊಡ್ಡಣ್ಣ ಗಲ್ಲಾದ ಮೇಲಿನ ಫೋಟೋ ತೋರಿಸಿದ. "ಇದೂ ಅವನೇ ತೆಗೆದದ್ದು, ನಮ್ಮ ಅಮ್ಮ. ನೋಡಿ, ಒಂದು ಗೆರೆ ಸುಳ್ಳಲ್ಲ." ಮನ್ಮಥಪ್ಪನವರು ಚಪ್ಪಲಿ ಬಿಟ್ಟು ಕೈಮುಗಿದರು.

ನಾನು ಒಳಗೆ ಅದೇ ಫೋಟೋಕ್ಕೆ ನಾಳೆಯ ಹಾರ ಕಟ್ಟಿ ಕೊನೆಯ ಗಂಟು ಹಾಕುತ್ತಿದ್ದೆ. ನಗು ಬಂತು. ಅನಸೂಯತ್ತಿಗೆ "ಎಂತ ಆಯ್ತು ಮಾರಾಯ್ತಿ ನಿಂಗೆ?" ಎಂದರು. ಏನೂ ಇಲ್ಲ ಎಂದೆ.

ಇಪ್ಪತ್ತೆರಡು ವರ್ಷದಲ್ಲಿ ನಾನು ಇದನ್ನು ನಿನಗೆ ಬರೆದದ್ದಿಲ್ಲ. ಕುಂದಾಪುರದ ಆ ಸ್ಟುಡಿಯೋದ ಹಿಂದಿನ ಕೋಣೆ ನನಗೆ ಚೆನ್ನಾಗಿ ನೆನಪುಂಟು. ಅಮ್ಮ ಹೋಗಿ ಎರಡು ತಿಂಗಳಾಗಿತ್ತು. ಅಮ್ಮನ ಒಂದೂ ಫೋಟೋ ಇರಲಿಲ್ಲ, ದೊಡ್ಡಣ್ಣ ಇಲ್ಲಿಂದ ಫೋಟೋ ಕಳಿಸು ಎಂದು ಕಾಗದದ ಮೇಲೆ ಕಾಗದ ಬರೆಯುತ್ತಿದ್ದ. ನೀನು ನನಗೆ ಅಮ್ಮನ ಸೀರೆ ಉಡಿಸಿ ಕುರ್ಚಿಯಲ್ಲಿ ಕೂರಿಸಿದೆ. ನಗಬೇಡ, ಹತ್ತು ಎಣಿಸುವವರೆಗೆ ತುಟಿ ಬಿಗಿಹಿಡಿ ಎಂದೆ. ನನಗೆ ಹತ್ತೊಂಬತ್ತು. ತುಟಿಯ ಒಳಗೆ ನಗು ಹಿಡಿದುಕೊಂಡೇ ಹತ್ತು ಎಣಿಸಿದೆ. ದೊಡ್ಡಣ್ಣನಿಗೆ ಅದು ಅಮ್ಮನ ದುಃಖ.

ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತಗೊಂಡೆ. ನಾನು ಹೇಳಲಿಲ್ಲ. ನಮ್ಮ ಮನೆಯವರು ತೀರಿಕೊಂಡ ಮೇಲೆ ದೊಡ್ಡಣ್ಣನ ಮನೆಗೆ ಬಂದು ಹನ್ನೊಂದು ವರ್ಷವಾಯಿತು, ದಿನಾ ನನ್ನ ಮುಖಕ್ಕೆ ನಾನೇ ಹಾರ ಕಟ್ಟುತ್ತಿದ್ದೇನೆ. ನೀನು ಬಂದು ಅವನಿಗೆ ಹೇಳಬೇಕು. ನಾನು ಮಾತು ಕೊಟ್ಟವಳು. ನೀನು ತಗೊಂಡವನು.

ನಿನ್ನ ತಂಗಿ
ಗುಣವತಿ

ಒಂದು ತಮಾಷೆ. ನೀನು ಬಾಯಿಯ ಎರಡೂ ಬದಿಗೆ ಮಾಡಿದ ಗೆರೆಗಳು ಈಗ ನಿಜವಾಗಿ ಬಂದಿವೆ, ಸರಿಯಾಗಿ ಅಲ್ಲೇ. ಕೂದಲು ಮಾತ್ರ ನಿನ್ನ ಮಾತು ಕೇಳಿಲ್ಲ. ಒಂದೂ ಬೆಳ್ಳಗಾಗಿಲ್ಲ.


ಔರಂಗಾಬಾದ್
8 ಜುಲೈ 1973

ಗುಣ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಕಾಲೇಜು ಶುರುವಾಗಿದೆ. ಹೊಸ ತಂಡಕ್ಕೆ ಮೊದಲ ತಿಂಗಳು ನಾನು ಕ್ಯಾಮೆರಾ ಕೊಡುವುದಿಲ್ಲ. ಪ್ರತಿಯೊಬ್ಬರೂ ಕಿಟಕಿಯ ಎದುರಿನ ಕುರ್ಚಿಯಲ್ಲಿ ಅರ್ಧ ಗಂಟೆ ಕೂರಬೇಕು, ಉಳಿದವರು ನೋಡಬೇಕು. ನೋಡಿಸಿಕೊಳ್ಳುವುದು ಏನೆಂದು ಗೊತ್ತಿಲ್ಲದವರು ಇನ್ನೊಬ್ಬರನ್ನು ನೋಡಬಾರದು. ಹೀಗೆಂದು ಪ್ರತಿ ವರ್ಷ ಹೇಳುತ್ತೇನೆ. ಈ ವರ್ಷ ಹೇಳಿದವನೇ ತಿರುಗಿ, ಏನೂ ಬರೆಯದ ಹಲಗೆಯನ್ನು ಒರೆಸಿದೆ.

ಎರಡನೇ ವರ್ಷದಲ್ಲಿ ಮನೋರಮಾ ಎಂಬ ಹುಡುಗಿ ಇದ್ದಾಳೆ. ತನ್ನ ಅಜ್ಜಿಯ ನೆಗೆಟಿವ್ ತಂದು, ಕೆನ್ನೆಯ ಮೇಲಿನ ಸಿಡುಬಿನ ಕಲೆ ತೆಗೆಯುವುದು ಹೇಗೆಂದು ಕೇಳಿದಳು. ತೆಗೆಯುವುದಿಲ್ಲ ಎಂದೆ. "ಅಜ್ಜಿಗೆ ಸಂತೋಷವಾಗುತ್ತದಲ್ಲ ಸರ್" ಎಂದಳು. ಅದೇ ನೆಗೆಟಿವ್‌ನಿಂದ ಹತ್ತು ಪ್ರಿಂಟ್ ಮಾಡಿಕೊಂಡು ಬಾ ಎಂದು ಕಳಿಸಿದೆ. ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತಾಯಿತು.

ಆಗ ನನಗೆ ಇಪ್ಪತ್ತೆರಡು. ಇಡೀ ಕುಂದಾಪುರದಲ್ಲಿ ನನ್ನಷ್ಟು ಚೆನ್ನಾಗಿ ನೆಗೆಟಿವ್ ತಿದ್ದುವವರಿರಲಿಲ್ಲ. ನಿನ್ನ ಕೂದಲಿಗೆ ನರೆಯನ್ನು ಪೆನ್ಸಿಲಿನಿಂದ ಬರೆದೆ, ಸುಕ್ಕುಗಳನ್ನು ಚಾಕುವಿನ ತುದಿಯಿಂದ ಕೆರೆದೆ. ಮೂರು ದಿನ ಹಿಡಿಯಿತು. ಅಣ್ಣ ಉತ್ತರ ಬರೆದ, "ಥೇಟ್ ಅಮ್ಮನೇ" ಎಂದು. ಆ ಕಾಗದ ಓದಿದ ದಿನ ನಾನು ಪೆನ್ಸಿಲ್ ಇಟ್ಟೆ. ಆಮೇಲೆ ನಾನು ಮಾಡಿದ, ಕಲಿಸಿದ ಎಲ್ಲವೂ ಆ ಒಂದು ಫೋಟೋಕ್ಕೆ ಬೆನ್ನು ಹಾಕಿ ನಿಂತದ್ದು. ಪೇಪರಿನವರಿಗೆ ಇದನ್ನು ಹೇಳಲು ಬರುವುದಿಲ್ಲ.

ಆದರೆ ಅಣ್ಣನಿಗೆ ಈಗ ಐವತ್ತೊಂದು. ಅವನಿಗೆ ಒಬ್ಬ ಅಮ್ಮ ಇದ್ದಾಳೆ, ಇರಲಿ ಬಿಡು. ಯಾರಿಗೆ ಏನು ನಷ್ಟ?

ದೀಪಾವಳಿಗೆ ಬರುತ್ತೇನೆ.

ದೇವದಾಸ


ನಾಸಿಕ
21 ಆಗಸ್ಟ್ 1973

ಸಣ್ಣಣ್ಣ,

ಏನು ನಷ್ಟ ಎಂದು ಕೇಳಿದ್ದೀಯ, ಹೇಳುತ್ತೇನೆ.

ಬೆಳಿಗ್ಗೆ ಹೋಟೆಲಿನ ಬಾಗಿಲು ತೆಗೆಯುವ ಮೊದಲು ದೊಡ್ಡಣ್ಣ ಸ್ಟೂಲಿನ ಮೇಲೆ ಹತ್ತಿ ಹಾರ ಹಾಕುತ್ತಾನೆ. ನಾನು ಹಿಂದೆ ಹೂವಿನ ಬುಟ್ಟಿ ಹಿಡಿದು ನಿಲ್ಲುತ್ತೇನೆ. ಇಳಿದು ಕೈಮುಗಿದು, ಯಾರಿಗೂ ಕೇಳದ ಹಾಗೆ ಹೇಳುತ್ತಾನೆ: "ಬರ್ಲಿಕ್ಕೆ ಆಗ್ಲಿಲ್ಲ ಅಮ್ಮ. ತಪ್ಪಾಯ್ತು." ಅಮ್ಮ ಹೋದಾಗ ಧಣಿಗಳು ರಜೆ ಕೊಡದೆ ಹನ್ನೊಂದನೇ ದಿನಕ್ಕೆ ಊರು ಮುಟ್ಟಿದನಲ್ಲ, ಅದಕ್ಕೆ. ದಿನಾ ಇದೇ. ಮಳೆ ಬರಲಿ, ಜ್ವರ ಬರಲಿ, ಒಂದು ದಿನ ತಪ್ಪಿಸಿದ್ದಿಲ್ಲ.

ಎದುರಿನ ಗೋಡೆಯಲ್ಲಿರುವವಳು ನಗು ಹಿಡಿದುಕೊಂಡು ಕೂತಿದ್ದಾಳೆ. ಹಿಂದೆ ನಿಂತವಳು ಬಾಯಿ ಬಿಡುವ ಹಾಗಿಲ್ಲ. ಅವನ ತಪ್ಪಾಯ್ತು ಎಲ್ಲಿಗೆ ಹೋಗಬೇಕು ಸಣ್ಣಣ್ಣ? ನಿಜ ಗೊತ್ತಾದರೆ ಅವನು ಕೂಗಾಡಬಹುದು. ಕೂಗಾಡಲಿ. ಆಮೇಲಾದರೂ ಕಣ್ಣು ಮುಚ್ಚಿ ನಿಜವಾದ ಅಮ್ಮನ ಹತ್ತಿರ ಕೇಳಬಹುದಲ್ಲ.

ಇನ್ನೊಂದು ವಿಷಯ. ನನ್ನ ಹೊಟ್ಟೆಯಲ್ಲಿ ಒಂದು ಗಡ್ಡೆ ಉಂಟಂತೆ. ಡಾಕ್ಟರು ಮರಾಠಿಯಲ್ಲಿ ಹೇಳಿದರು, ದೊಡ್ಡಣ್ಣ ಅದನ್ನು ನನಗೆ ಕನ್ನಡದಲ್ಲಿ ಹೇಳುವಾಗ ಅರ್ಧ ಬಿಟ್ಟ. ನನಗೆ ಮರಾಠಿ ಬರುತ್ತದೆ ಎಂಬುದನ್ನು ಪಾಪ ಮರೆತುಬಿಟ್ಟಿದ್ದಾನೆ.

ಅದಕ್ಕೇ ಕೇಳುವುದು. ಬರುವಾಗ ಕ್ಯಾಮೆರಾ ತಾ. ನನ್ನದು ಒಂದು ಫೋಟೋ ತೆಗೆ, ನನ್ನ ಸೀರೆಯಲ್ಲಿ, ನನ್ನ ವಯಸ್ಸಿನಲ್ಲಿ. ಈ ಸಲ ನಗಬೇಡ ಎಂದು ಹೇಳಬಾರದು.

ಗುಣವತಿ


ಔರಂಗಾಬಾದ್
18 ನವೆಂಬರ್ 1973

ಗುಣ,

ದೀಪಾವಳಿಗೆ ಬರಲಾಗಲಿಲ್ಲ. ನೀರು ನಿಲ್ಲಿಸುವ ದಿನ ಹತ್ತಿರವಾಗುತ್ತಿದೆಯೆಂದು ರಜೆಯಲ್ಲೇ ಮಕ್ಕಳನ್ನು ಹಳ್ಳಿಗೆ ಕರೆದುಕೊಂಡು ಹೋದೆ. ಪೈಠಣದಲ್ಲಿ ಇಳಿದು ಎತ್ತಿನ ಗಾಡಿಯಲ್ಲಿ ಹೋಗಬೇಕು. ಅರ್ಧ ಮನೆಗಳ ಬಾಗಿಲನ್ನು ಜನ ಚೌಕಟ್ಟು ಸಮೇತ ಕಿತ್ತುಕೊಂಡು ಹೋಗಿದ್ದಾರೆ. ನಾನು ಬಾಗಿಲಿಲ್ಲದ ಗೋಡೆಗಳನ್ನು ತೆಗೆಯುತ್ತಿದ್ದೇನೆ. ಎದುರು ನಿಂತರೆ ಒಳಗಿನ ಒಲೆಯಿಂದ ಹಿತ್ತಿಲ ತುಳಸಿಯವರೆಗೆ ಒಂದೇ ನೋಟಕ್ಕೆ ಕಾಣುತ್ತದೆ. ಮುಚ್ಚಿಡಲು ಏನೂ ಉಳಿಯದ ಮನೆ ಬೆಳಕಿಗೆ ಬಹಳ ಒಳ್ಳೆಯದು.

ಒಂದು ಮನೆಯಲ್ಲಿ ರುಕ್ಮಿಣಿಬಾಯಿ ಎಂಬ ಮುದುಕಿ ಜೋಳ ಹಸನು ಮಾಡುತ್ತಿದ್ದಳು. ಮನೋರಮಾ ಕ್ಯಾಮೆರಾ ಎತ್ತಿದಳು. ಮುದುಕಿ ಮೊರ ಕೆಳಗಿಡದೆ ಕೇಳಿದಳು: "ಕಶಾಲಾ ಗ ಪೋರೀ? ಮೇಲ್ಯಾವರ ಹಾರ ಘಾಲಾಯಲಾ?" ಯಾಕೆ ಹುಡುಗಿ, ಸತ್ತ ಮೇಲೆ ಹಾರ ಹಾಕುವುದಕ್ಕಾ ಎಂದು. ಎಲ್ಲರೂ ನಕ್ಕರು, ಮುದುಕಿಯೂ ನಕ್ಕಳು. ಮನೋರಮಾ ಆ ನಗುವನ್ನು ಹಿಡಿದಳು. ನಾನು ಹೊರಗೆ ಹೋಗಿ ಗಾಡಿಯ ಹತ್ತಿರ ನಿಂತೆ.

ಅವಳ ಪ್ರಿಂಟ್ ಚೆನ್ನಾಗಿ ಬಂದಿದೆ. ಅದರ ಒಂದು ಪ್ರತಿ ಇದರೊಳಗಿಟ್ಟಿದ್ದೇನೆ.

ಇಲ್ಲಿಂದ ನಾಸಿಕಕ್ಕೆ ಎಸ್.ಟಿ. ಬಸ್ಸಿನಲ್ಲಿ ಒಂದು ಹಗಲಿನ ದಾರಿ. ನನಗೆ ಗೊತ್ತು, ನಿನಗೂ ಗೊತ್ತು. ಜನವರಿಯ ಪರೀಕ್ಷೆ ಮುಗಿದ ಕೂಡಲೇ ಬರುತ್ತೇನೆ. ಡಾಕ್ಟರು ಏನು ಹೇಳಿದರು, ಪೂರ್ತಿಯಾಗಿ ಬರೆ.

ದೇವದಾಸ


ನಾಸಿಕ
9 ಜನವರಿ 1974

ಸಣ್ಣಣ್ಣ,

ಚಿಕ್ಕ ಕಾಗದ, ಕೈ ಬೇಗ ಸೋಲುತ್ತದೆ.

ಮುದುಕಿಯ ಫೋಟೋ ನನ್ನ ಹಾಸಿಗೆಯ ಹತ್ತಿರ ಇಟ್ಟುಕೊಂಡಿದ್ದೇನೆ. ಆ ಹುಡುಗಿಗೆ ಹೇಳು, ಚೆನ್ನಾಗಿ ಕಲಿತಿದ್ದಾಳೆ ಎಂದು. ಅನಸೂಯತ್ತಿಗೆ "ಇದ್ಯಾರು, ನಿಮ್ಮ ಸಂಬಂಧದವರಾ?" ಎಂದರು. ಹೌದು ಎಂದೆ.

ಆಪರೇಶನ್ ಮುಂದಿನ ವಾರ. ನಾನು ತುಂಬ ಇಳಿದಿದ್ದೇನೆ. ಗೋಡೆಯ ಮೇಲಿನವಳು ಈಗ ನನಗಿಂತ ಗುಂಡಗೆ ಇದ್ದಾಳೆ.

ನಿನ್ನೆ ಬೆಳಿಗ್ಗೆ ಹಟ ಮಾಡಿ ಹೂವಿನ ಬುಟ್ಟಿ ಹಿಡಿದು ಹೋದೆ. ದೊಡ್ಡಣ್ಣ ಎಂದಿನ ಹಾಗೆ ತಪ್ಪಾಯ್ತು ಎಂದ. ಏನೆನಿಸಿತೋ, ನಾನು ಹಿಂದಿನಿಂದ "ಆಯ್ತು ಮಾರಾಯ, ಸಾಕು" ಎಂದುಬಿಟ್ಟೆ. ಅವನು ತಿರುಗಿ ನೋಡಿ, "ಹೂ ಸಾಕಾದ್ರೆ ಬುಟ್ಟಿ ಒಳಗಿಟ್ಟು ಮಲಗು ಹೋಗು" ಎಂದ. ಹೋಗಿ ಮಲಗಿದೆ. ಬಹಳ ಹಗುರಾಯಿತು.

ಅವನಿಗೆ ಹೇಳುವುದು ಬಿಡುವುದು ಇನ್ನು ನಿನಗೆ ಬಿಟ್ಟದ್ದು. ನನ್ನ ಫೋಟೋದ ವಿಷಯ ಮಾತ್ರ ಬಿಟ್ಟುಕೊಡುವುದಿಲ್ಲ. ಪರೀಕ್ಷೆ ಮುಗಿಸಿ ಬಾ.

ಗುಣ


ನಾಸಿಕ
3 ಮಾರ್ಚ್ 1974

ಚಿರಂಜೀವಿ ದೇವದಾಸನಿಗೆ,

ಗುಣವತಿ ಹೋಗಿ ಇವತ್ತಿಗೆ ಇಪ್ಪತ್ತಾರು ದಿನ. ನೀನು ನನ್ನ ಟೆಲಿಗ್ರಾಂ ಸಿಕ್ಕಿ ಬಂದಾಗ ಎಲ್ಲ ಮುಗಿದಿತ್ತು. ಹಳ್ಳಿಯಿಂದ ನೇರ ಬಂದೆಯೇನೋ, ಕೊರಳಲ್ಲಿ ಕ್ಯಾಮೆರಾ ಇತ್ತು. ಬೂದಿಯ ಮುಂದೆ ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಹದಿಮೂರನೇ ದಿನದವರೆಗೆ ನಿಲ್ಲದೆ ಹೋದೆ. ಕೆಲಸದವನಿಗೆ ರಜೆ ಸಿಗದಿರುವುದು ನನಗೆ ಗೊತ್ತಿದೆ.

ಬರೆಯುವ ಕಾರಣ ಬೇರೆ. ಮನೆಯಲ್ಲಿ ಅವಳದು ಒಂದೂ ಫೋಟೋ ಇಲ್ಲ. ಜಯಕರ ಭಾವನ ಮನೆಗೆ ಬರೆದು ಕೇಳಿದೆ. ಮದುವೆಯ ಫೋಟೋಕ್ಕೆ ಬೂಸ್ಟು ಹಿಡಿದು ಮುಖವೇ ಹೋಗಿದೆಯಂತೆ. ಅನಸೂಯ ಹೇಳುತ್ತಾಳೆ, "ಊರಿಗೆಲ್ಲ ಫೋಟೋ ತೆಗೆಯುವ ತಮ್ಮನಿದ್ದಾನೆ, ನಮ್ಮ ಹುಡುಗಿಯದು ಒಂದಿಲ್ಲ ಅಂದ್ರೆ ಎಂತ ಕರ್ಮ ಇದು" ಎಂದು. ಎಲ್ಲಾದರೂ ಇರಲೇಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಹುಡುಕು. ಎಷ್ಟು ಚಿಕ್ಕದಾದರೂ ಸರಿ, ದೊಡ್ಡದು ಮಾಡಲು ನಿನಗೆ ಬರುತ್ತದಲ್ಲ.

ಅಮ್ಮನ ಹಾರ ಈಗ ಪೇಟೆಯಿಂದ ತರಿಸುತ್ತಿದ್ದೇನೆ. ಉದ್ದ ಸರಿಯಾಗುವುದಿಲ್ಲ. ಒಂದು ದಿನ ಗಲ್ಲಾಕ್ಕೆ ತಾಗುತ್ತದೆ, ಒಂದು ದಿನ ಕೊರಳೂ ಮುಟ್ಟುವುದಿಲ್ಲ. ಅವಳು ಯಾವುದರಿಂದ ಅಳೆಯುತ್ತಿದ್ದಳೋ, ಹನ್ನೊಂದು ವರ್ಷ ನಾನು ನೋಡಲೇ ಇಲ್ಲ.

ಹರಿದಾಸ


ಔರಂಗಾಬಾದ್
31 ಮಾರ್ಚ್ 1974

ಅಣ್ಣ,

ಇದನ್ನು ಓದುವ ಮೊದಲು ಲಕೋಟೆಯೊಳಗಿನ ಫೋಟೋ ನೋಡಬೇಡ ಎಂದು ಬರೆಯಲು ಹೊರಟೆ. ಇಷ್ಟು ಹೊತ್ತಿಗೆ ನೋಡಿಬಿಟ್ಟಿರುತ್ತೀಯ.

ಅದು ಗುಣವತಿ. ನಿನ್ನ ಗಲ್ಲಾದ ಮೇಲಿರುವುದೂ ಗುಣವತಿಯೇ. ಎರಡೂ ಒಂದೇ ಗಾಜಿನ ನೆಗೆಟಿವ್‌ನಿಂದ ಬಂದವು.

1951ರಲ್ಲಿ ನೀನು ಫೋಟೋ ಕೇಳಿದಾಗ ಅಮ್ಮನದು ಇರಲಿಲ್ಲ. ಇಲ್ಲ ಎಂದು ನಿನಗೆ ಬರೆಯಲು ನನಗೆ ಧೈರ್ಯವಿರಲಿಲ್ಲ. ಕೈಯಲ್ಲಿ ಕಸುಬಿತ್ತು. ಹತ್ತೊಂಬತ್ತರ ತಂಗಿಯನ್ನು ಅಮ್ಮನ ಸೀರೆಯಲ್ಲಿ ಕೂರಿಸಿ ಮುದುಕಿ ಮಾಡಿದೆ. ಅವಳಿಂದ ಮಾತು ತಗೊಂಡೆ, ಅವಳು ಉಳಿಸಿಕೊಂಡಳು. ಹೋದ ವರ್ಷ ಜೂನ್‌ನಿಂದ ನಿನಗೆ ಹೇಳು ಎಂದು ನನ್ನನ್ನು ಕೇಳುತ್ತಿದ್ದಳು. ತನ್ನದೇ ಆದ ಒಂದು ಫೋಟೋ ತೆಗೆ ಎಂದೂ ಕೇಳಿದಳು. ರಜೆ ಸಿಗದೆ ಹೋದದ್ದಲ್ಲ ಅಣ್ಣ. ರಜೆ ಇತ್ತು. ಆ ಮುಖದ ಎದುರು ಮತ್ತೆ ಕ್ಯಾಮೆರಾ ಹಿಡಿದು ನಿಲ್ಲಲು ನನ್ನಿಂದ ಆಗಲಿಲ್ಲ. ಪರೀಕ್ಷೆ, ಹಳ್ಳಿ, ನೀರು ಎಂದು ಬರೆದೆ. ಎಲ್ಲವೂ ನಿಜವೇ, ಒಂದೂ ಕಾರಣವಲ್ಲ.

ನಿನ್ನ ಕಾಗದ ಬಂದ ಮೇಲೆ ಪೆಟ್ಟಿಗೆ ತೆಗೆದೆ. ಗಾಜು ಒಡೆದಿರಲಿಲ್ಲ. ಅದನ್ನು ತರಗತಿಗೆ ತೆಗೆದುಕೊಂಡು ಹೋದೆ. ಹಿಂದಿನವರ ಕಾಲದ ತಿದ್ದುವ ಮೇಜೊಂದು ಅಲ್ಲಿತ್ತು, ಅದರ ಮೇಲೆ ನಾನು ಇಷ್ಟು ವರ್ಷ ಪ್ರಿಂಟ್ ತೊಳೆಯುವ ತಟ್ಟೆಗಳನ್ನು ಪೇರಿಸಿಟ್ಟಿದ್ದೆ. ಮಕ್ಕಳೆದುರು ಅದನ್ನು ಖಾಲಿ ಮಾಡಿ ಕಿಟಕಿಗೆ ಎಳೆದೆ. ಗಾಜನ್ನಿಟ್ಟು, ನಾನು ಏನು ಮಾಡಿದ್ದೆನೆಂದು ಎಲ್ಲ ಹೇಳಿದೆ. ನಿನಗೆ ಹೇಳುವ ಮೊದಲು ಅವರಿಗೆ ಹೇಳಿದ್ದು ತಪ್ಪು. ಆದರೆ ಅಲ್ಲಿ ಹೇಳದಿದ್ದರೆ ಇಲ್ಲಿ ಬರೆಯಲು ಆಗುತ್ತಿರಲಿಲ್ಲ.

ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಪೆನ್ಸಿಲಿನಿಂದ ತೀಡಿದ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ, ಚಾಕುವಿನಿಂದ ಕೆರೆದ ಜಾಗ ಕಪ್ಪಗೆ. ಪೆನ್ಸಿಲ್ ಅಳಿಸಬಹುದು, ಚಾಕು ಮುಟ್ಟಿದ್ದು ಹಿಂದಿರುಗುವುದಿಲ್ಲ. ಹತ್ತಿಗೆ ಟರ್ಪೆಂಟೈನ್ ಹಚ್ಚಿ ಒರೆಸಿದೆ. ಮೂರು ದಿನ ಕೂತು ಬರೆದ ನರೆ ಅರ್ಧ ನಿಮಿಷದಲ್ಲಿ ಹತ್ತಿಗೆ ಬಂತು. ಸುಕ್ಕುಗಳು ಉಳಿದವು. ಉಳಿಯುತ್ತವೆಂದು ಗೊತ್ತಿತ್ತು. ಉಳಿದರೆ ಏನು ಕಾಣುತ್ತದೆಂದು ನಾನು ಯೋಚಿಸಿರಲಿಲ್ಲ.

ಪ್ರಿಂಟ್ ಮಾಡಿದೆ. ತಟ್ಟೆಯಲ್ಲಿ ಮೊದಲು ಕೂದಲು ಬಂತು, ಕಪ್ಪಗೆ. ಆಮೇಲೆ ಬಾಯಿಯ ಎರಡು ಬದಿಯ ಗೆರೆ. ಮಕ್ಕಳು ಸುತ್ತ ನಿಂತಿದ್ದರು. ಹತ್ತೊಂಬತ್ತರ ಹುಡುಗಿ ಅಲ್ಲ, ಅಮ್ಮ ಅಲ್ಲ. "ಸರ್, ಹಾಗಾದರೆ ಇದು ಯಾರು?" ಎಂದು ಮನೋರಮಾ ಎಂಬ ವಿದ್ಯಾರ್ಥಿನಿ ಮೆಲ್ಲಗೆ ಕೇಳಿದಳು. ನನ್ನ ತಂಗಿ, ಹೋದ ವರ್ಷ ಹೀಗೇ ಇದ್ದಳು ಎಂದೆ.

ತುಟಿಯ ಹತ್ತಿರ ನೋಡು. ಅವಳು ನಗು ಹಿಡಿದುಕೊಂಡಿದ್ದಾಳೆ. ಆ ನಗುವಿನ ಮಡಿಕೆಯ ಮೇಲೆಯೇ ನಾನು ಚಾಕು ಆಡಿಸಿದ್ದೆ.

ಇದನ್ನು ಹೀಗೇ ಕಳಿಸಿ ಸುಮ್ಮನಿದ್ದಿದ್ದರೆ, ನೀನು ಮತ್ತೊಮ್ಮೆ "ಥೇಟ್ ಅವಳೇ" ಎಂದು ಬರೆಯುತ್ತಿದ್ದೆ. ಒಂದು ದಿನ ಪೂರ್ತಿ ಹಾಗೆಯೇ ಮಾಡಬೇಕೆಂದುಕೊಂಡಿದ್ದೆ.

ದೇವದಾಸ


ನಾಸಿಕ
14 ಏಪ್ರಿಲ್ 1974

ದೇವದಾಸನಿಗೆ,

ನಿನ್ನ ಕಾಗದ ಬಂದ ದಿನ ಗಲ್ಲಾದಲ್ಲಿ ಕೂರಲಾಗಲಿಲ್ಲ. ಅನಸೂಯಳನ್ನು ಕೂರಿಸಿ ರಾಮಕುಂಡದವರೆಗೆ ನಡೆದು ಹೋಗಿ ಬಂದೆ. ಅವಳ ಬೂದಿ ಬಿಟ್ಟ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ಕೂತೆ. ನಿನಗೆ ಹೇಳಬೇಕಾದ್ದೆಲ್ಲ ಅಲ್ಲೇ ನೀರಿಗೆ ಹೇಳಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಗೋಡೆಯ ಫೋಟೋ ಇಳಿಸಿ, ನೀನು ಕಳಿಸಿದ್ದನ್ನು ಪಕ್ಕದಲ್ಲಿಟ್ಟು ನೋಡಿದೆ. ಇಷ್ಟು ವರ್ಷ ಎರಡು ಹೊತ್ತು ಊಟ ಬಡಿಸಿದವಳ ಮುಖ ನನಗೆ ಗೋಡೆಯ ಮೇಲೆ ಗುರುತಾಗಲಿಲ್ಲ. ನೀನು ತಿದ್ದಿದ್ದು ಒಂದು ಸಲ. ನಾನು ದಿನಾ ನೋಡಿಯೂ ನೋಡಲಿಲ್ಲ.

ಮನ್ಮಥಪ್ಪನವರು ಭಾನುವಾರ ಬಂದು, "ಇದೇನ್ರೀ, ಗ್ವಾಡಿ ಖಾಲಿ ಮಾಡೀರಿ? ಅವ್ವ ಎಲ್ಲಿ?" ಎಂದರು. ಬಣ್ಣ ಹೊಡೆಸಬೇಕು ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡು. ನಿನಗೆ ಆಗ ಇಪ್ಪತ್ತೆರಡು, ನನಗೆ ಈಗ ಐವತ್ತೆರಡು.

ಒಂದು ಮಾತು ನಿನಗೆ ಹೇಳಬೇಕು. ಆಸ್ಪತ್ರೆಗೆ ಹೋಗುವ ಮುಂಚೆ ಒಂದು ಬೆಳಿಗ್ಗೆ ನಾನು ಫೋಟೋದ ಮುಂದೆ ನಿಂತು ಏನೋ ಹೇಳುತ್ತಿದ್ದೆ. ಏನೆಂದು ನಿನಗೆ ಬೇಡ. ಗುಣ ಹಿಂದಿನಿಂದ "ಆಯ್ತು ಮಾರಾಯ, ಸಾಕು" ಎಂದಳು. ಹೂವಿಗೆ ಹೇಳಿದಳು ಎಂದುಕೊಂಡು ಮಲಗಲು ಕಳಿಸಿದೆ. ನಿನ್ನ ಕಾಗದವನ್ನು ಎರಡನೇ ಸಲ ಓದುವಾಗ ಆ ಧ್ವನಿ ಕಿವಿಗೆ ಬಂತು. ಅದು ಹೂವಿನ ಮಾತಲ್ಲ. ಅಮ್ಮ ನಮ್ಮನ್ನು ಬೈದು ಮುಗಿಸಿದ ಮೇಲೆ ಹೇಳುತ್ತಿದ್ದ ಮಾತು, ಅದೇ ರಾಗ. ನಾನು ಮೆಟ್ಟಿಲಿನ ಮೇಲೆ ಕೂತದ್ದು ಅದಕ್ಕೇ.

ಇನ್ನು ಅಮ್ಮನಿಗೆ ಹೇಳಲು ಏನೂ ಉಳಿದಿಲ್ಲ. ಆದರೆ ಕಣ್ಣು ಮುಚ್ಚಿದರೆ ಅಮ್ಮನ ಮುಖ ಬರುವುದಿಲ್ಲ ದೇವದಾಸ. ಎಷ್ಟು ಪ್ರಯತ್ನಪಟ್ಟರೂ ಗುಣನೇ ಬರುತ್ತಾಳೆ. ನೀನು ಫೋಟೋ ಇಲ್ಲ ಎಂದು ಬರೆದಿದ್ದರೆ, ನನ್ನ ಹತ್ತಿರ ನೆನಪಾದರೂ ಇರುತ್ತಿತ್ತೋ ಏನೋ. ಅದೊಂದನ್ನು ನೀನು ಟರ್ಪೆಂಟೈನಿನಲ್ಲಿ ಒರೆಸಿ ಕೊಡಲಾರೆ.

ನೀನು ಕಳಿಸಿದ್ದಕ್ಕೆ ಕಟ್ಟು ಹಾಕಿಸಿ, ಹೋಟೆಲಿನಲ್ಲಲ್ಲ, ಮನೆಯ ಒಳಗೆ ತೂಗುಹಾಕಿದ್ದೇನೆ. ಹಾರ ಹಾಕಿಲ್ಲ. ಅವಳು ಹನ್ನೊಂದು ವರ್ಷಕ್ಕಾಗುವಷ್ಟು ಕಟ್ಟಿಕೊಂಡು ಹೋಗಿದ್ದಾಳೆ.

ಮೇ ರಜೆಯಲ್ಲಿ ಬಾ. ಕ್ಯಾಮೆರಾ ತಾ. ಅನಸೂಯಳದು ಒಂದು ತೆಗೆಯಬೇಕು. ಅವಳಿಗೆ ಏನೂ ಆಗಿಲ್ಲ, ಚೆನ್ನಾಗಿದ್ದಾಳೆ. ಅದಕ್ಕೇ.

ಹರಿದಾಸ